ನಾಯಿಯ ಗಂಟೂ ಲೇಸರ್ ಬೆಳಕೂ



ಹಸು, ಎಮ್ಮೆ, ಕುರಿ, ಕೋಳಿ ಇವುಗಳ ಆರೋಗ್ಯದ ವಿಚಾರವನ್ನು ತಾವು ರೇಡಿಯೋದಲ್ಲಿ ಎಷ್ಟೋ ಸಲ ಕೇಳಿದ್ದೀರಿ. ನಾಯಿಯ ವಿಚಾರ ಬರುವುದು ಅಪರೂಪ. ಹಾಲು ಕೊಡುವುದಿಲ್ಲ, ಗಾಡಿ ಎಳೆಯುವುದಿಲ್ಲ, ಸಂತೆಗೆ ಹೊಡೆದರೆ ಕಾಸು ಹುಟ್ಟುವುದಿಲ್ಲ, ಅದರ ಮಾತೇಕೆ ಎನ್ನಬಹುದು. ಆದರೆ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ ಮುಂದೆ ರಾತ್ರಿಯೆಲ್ಲಾ ಉರಿ ಕಾಯುವವರ ಕಾಲ ಬುಡದಲ್ಲಿ ಮಲಗಿರುವುದು ಯಾರು? ಹೆಗ್ಗಡದೇವನಕೋಟೆಯ ಕಾಡಂಚಿನ ಹೊಲದಲ್ಲಿ ಹಂದಿ ಬಂತು, ಆನೆ ಬಂತು ಎಂದು ಎಲ್ಲರಿಗಿಂತ ಮೊದಲು ಕೂಗಿ ಹೇಳುವುದು ಯಾರು? ಕೃಷ್ಣರಾಜನಗರದ ಕಡೆ ಭತ್ತದ ಮೂಟೆಗಳ ನಡುವೆ ಇಲಿ ಹಿಡಿಯುವ ಬೆಕ್ಕಿಗೂ ಇದೇ ಮಾತು ಸಲ್ಲುತ್ತದೆ. ಕೂಲಿ ಕೇಳದೆ ದುಡಿಯುವ ಜೀವಗಳು ಇವು. ಕಾಯಿಲೆ ಬಿದ್ದಾಗ ಕೈಬಿಡುವುದು ಧರ್ಮವಲ್ಲವೆಂದು ನಮ್ಮ ಹಳ್ಳಿಯ ಜನಕ್ಕೆ ನಾನೇನೂ ಹೇಳಿಕೊಡಬೇಕಾಗಿಲ್ಲ.

ಈಚೆಗೆ ಹಳ್ಳಿಗಳ ಮೇಲೆ ಹೋದಾಗ ಒಂದು ಪ್ರಶ್ನೆ ಕೇಳಿಬರುತ್ತಿದೆ. ಬೆಳೆಯ ವಿಚಾರವೆಲ್ಲ ಮುಗಿದ ಮೇಲೆ, ಎದ್ದು ಹೊರಡುವಾಗ, ಯಾರಾದರೊಬ್ಬರು ಮೆಲ್ಲಗೆ ಕೇಳುತ್ತಾರೆ: "ಸಾಮಿ, ನಮ್ ನಾಯಿಗೆ ಮೊಲೆತಾವ ಒಂದ್ ಗಂಟಾಗದೆ. ಬೆಂಗಳೂರಲ್ಲಿ ಲೇಸರ್ ಹೊಡ್ಸುದ್ರೆ ಕುಯ್ಯಂಗಿಲ್ಲ, ಕರಗೋಯ್ತದಂತೆ. ದಿಟ್ವಾ?" ಮೊಬೈಲಿನಲ್ಲಿ ನೋಡಿದವರು, ಪಟ್ಟಣದಲ್ಲಿರುವ ಮಕ್ಕಳು ಹೇಳಿ ಕೇಳಿದವರು ಇವರು. ಕೆಲವರು ಆ ಲೇಸರ್ ಯಾವಾಗ ನಮ್ಮ ತಾಲ್ಲೂಕಿಗೆ ಬರುತ್ತದೋ ಎಂದು ಕಾಯುತ್ತಲೂ ಇರುತ್ತಾರೆ. ಈ ಕಾಯುವುದೇ ಇಂದಿನ ಮಾತಿಗೆ ಕಾರಣ. ನಾನು ಪಶುವೈದ್ಯನಲ್ಲ, ಕೃಷಿ ಡಿಪ್ಲೊಮಾ ಓದಿ ವಿಸ್ತರಣಾ ಕೆಲಸದಲ್ಲಿರುವವನು. ಪಶುವೈದ್ಯ ಮಿತ್ರರಿಂದ ಕೇಳಿ, ಓದಿ ತಿಳಿದದ್ದನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲನೆಯದಾಗಿ ಈ ಲೇಸರ್ ಎಂದರೇನು ಎಂಬುದನ್ನು ನೋಡೋಣ. ಇದು ಔಷಧಿಯಲ್ಲ, ವಿದ್ಯುತ್ ಶಾಕ್ ಅಲ್ಲ, ಎಕ್ಸ್‌ರೇಯೂ ಅಲ್ಲ. ಇದು ಬರೀ ಬೆಳಕು. ಟಾರ್ಚಿನ ಬೆಳಕು ದೂರ ಹೋದಂತೆ ಅಗಲವಾಗಿ ಚೆಲ್ಲಿಹೋಗುತ್ತದೆ, ಅದರಲ್ಲಿ ನಾನಾ ಬಣ್ಣಗಳು ಬೆರೆತಿರುತ್ತವೆ. ಲೇಸರಿನ ಬೆಳಕು ಒಂದೇ ಬಣ್ಣದ್ದು, ಒಂದೇ ನೇರದಲ್ಲಿ ಹೆಚ್ಚು ಚದುರದೆ ಹೋಗುತ್ತದೆ. ಹುಡುಗರು ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದು ಒಣಗಿದ ಎಲೆ ಸುಡುವ ಆಟವನ್ನು ತಾವೆಲ್ಲ ನೋಡಿದ್ದೀರಿ. ಹರಡಿದ್ದ ಬಿಸಿಲು ಒಂದು ಚುಕ್ಕಿಯಲ್ಲಿ ಕೂಡಿದಾಗ ಎಲೆ ತೂತಾಗುತ್ತದೆ. ಲೇಸರ್ ಯಂತ್ರದಲ್ಲಿ ಇದನ್ನೇ ಬಹಳ ನಾಜೂಕಾಗಿ, ಅಳತೆಗೆ ಸಿಗುವಂತೆ ಮಾಡಿದ್ದಾರೆ ಅಂದುಕೊಳ್ಳಿ.

ಮೊದಲ ಲೇಸರನ್ನು ೧೯೬೦ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಎಂಬುವರು ಒಂದು ಕೆಂಪು ಮಾಣಿಕ್ಯದ ಕಡ್ಡಿಯಿಂದ ಹೊರಡಿಸಿದರು. ಆಗ ಅದರಿಂದ ಏನು ಪ್ರಯೋಜನವೆಂದು ಬಹಳ ಜನಕ್ಕೆ ಗೊತ್ತಿರಲಿಲ್ಲ. ನಾಲ್ಕು ವರ್ಷ ಕಳೆದು ೧೯೬೪ರಲ್ಲಿ ಇಂಗಾಲಾಮ್ಲ, ಎಂದರೆ ಕಾರ್ಬನ್ ಡೈಆಕ್ಸೈಡ್ ಅನಿಲದಿಂದ ಲೇಸರ್ ಹೊರಡಿಸಿದವರು ನಮ್ಮ ದೇಶದಲ್ಲೇ ಹುಟ್ಟಿದವರು. ಮಹಾರಾಷ್ಟ್ರದ ಕಬ್ಬಿನ ಸೀಮೆಯಾದ ಬಾರಾಮತಿಯಲ್ಲಿ ಹುಟ್ಟಿ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಕುಮಾರ್ ಪಟೇಲ್ ಎಂಬ ವಿಜ್ಞಾನಿ. ಈಗ ನಾಯಿ ಬೆಕ್ಕುಗಳ ಮೃದು ಮಾಂಸವನ್ನು ಕೊಯ್ಯಲು ಹೆಚ್ಚಾಗಿ ಬಳಕೆಯಲ್ಲಿರುವುದು ಅವರು ಕಂಡುಹಿಡಿದ ಈ ಅನಿಲದ ಲೇಸರೇ. ಮನುಷ್ಯರ ಆಸ್ಪತ್ರೆಗಳಲ್ಲಿ ಮೊದಲು ಬಳಕೆಗೆ ಬಂದು, ಆಮೇಲೆ ಪ್ರಾಣಿಗಳ ಆಸ್ಪತ್ರೆಗೂ ಬಂತು.

ಇನ್ನು ಬೆಳಕು ಮಾಂಸವನ್ನು ಕೊಯ್ಯುವುದು ಹೇಗೆ? ದೇಹದ ಮೃದುವಾದ ಭಾಗಗಳಲ್ಲಿ ಬಹುಪಾಲು ನೀರೇ ಇರುತ್ತದೆ. ಇಂಗಾಲಾಮ್ಲ ಲೇಸರಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ನೀರು ಅದನ್ನು ಚೆನ್ನಾಗಿ ಹೀರುತ್ತದೆ. ಬೆಳಕು ಬಿದ್ದ ಜಾಗದ ಜೀವಕೋಶದೊಳಗಿನ ನೀರು ಕಣ್ಣುಮುಚ್ಚಿ ತೆರೆಯುವುದರೊಳಗೆ ಕುದಿದು ಆವಿಯಾಗಿ ಹೋಗುತ್ತದೆ. ಕೋಶ ಒಡೆಯುತ್ತದೆ, ಅಲ್ಲಿ ಗೆರೆ ಬೀಳುತ್ತದೆ. ನೀರು ಅಲ್ಲಿಯೇ ಬೆಳಕನ್ನು ಕುಡಿದುಬಿಡುವುದರಿಂದ ಕಾವು ಕೆಳಕ್ಕೆ ಇಳಿಯುವುದು ಬಹಳ ಕಡಿಮೆ. ನುರಿತವರ ಕೈಯಲ್ಲಿ ಆಚೀಚೆ ಬೇಯುವ ಭಾಗ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸು ಮಾತ್ರ. ಕಾಣದ ಬೆಳಕು ಎಲ್ಲಿ ಬೀಳುತ್ತಿದೆ ಎಂದು ವೈದ್ಯರಿಗೆ ತಿಳಿಯಲೆಂದು ಜೊತೆಯಲ್ಲಿ ಒಂದು ಸಣ್ಣ ಕೆಂಪು ಬೆಳಕನ್ನು ಬಿಟ್ಟಿರುತ್ತಾರೆ.

"ಸುಡೋದೇ ಆದ್ರೆ ನಮ್ ಅಜ್ಜನ ಕಾಲದ ಬರೆಗೂ ಇದ್ಕೂ ಏನ್ ವ್ಯತ್ಯಾಸ?" ಎಂದು ಪಿರಿಯಾಪಟ್ಟಣದ ಕಡೆಯ ಒಬ್ಬ ಹಿರಿಯರು ನನ್ನನ್ನು ಕೇಳಿದರು. ಸರಿಯಾದ ಪ್ರಶ್ನೆಯೇ. ಎರಡೂ ಕಾವೇ. ಬ್ಯಾರನ್ ಕೆಲಸ ಮಾಡಿದವರಿಗೆ ನಾನು ಹೇಳುವ ಉತ್ತರ ಬೇಗ ಅರ್ಥವಾಗುತ್ತದೆ. ಎಲೆ ಹಳದಿ ತಿರುಗುವವರೆಗೆ ಒಂದು ಕಾವು, ಬಣ್ಣ ಕೂರಲು ಒಂದು ಕಾವು, ದಂಟು ಒಣಗಲು ಒಂದು ಕಾವು. ಥರ್ಮಾಮೀಟರ್ ನೋಡಿಕೊಂಡು ಹದವಾಗಿ ಕೊಟ್ಟರೆ ಬೆಲೆ ಬರುವ ಸೊಪ್ಪು, ಹದ ತಪ್ಪಿದರೆ ಕಪ್ಪು ಕಸ. ಕಾದ ಕಬ್ಬಿಣ ಚರ್ಮದ ಮೇಲೆ ಕೂತಾಗ ಅದರ ಕಾವು ಎಷ್ಟು ಆಳ ಹೋಯಿತು, ಎಷ್ಟು ಅಗಲ ಹೋಯಿತು ಎಂದು ಹಾಕಿದವನಿಗೇ ಗೊತ್ತಿಲ್ಲ. ಒಳಗೆ ಬೆಂದ ಮಾಂಸ ಸತ್ತು, ಕೊಳೆತು, ನೊಣ ಕೂತು ಹುಳು ಬೀಳುತ್ತದೆ. ಮೂಲ ರೋಗ ಇದ್ದಲ್ಲೇ ಇರುತ್ತದೆ. ಲೇಸರಿನಲ್ಲಿ ಕಾವೆಷ್ಟು, ಹೊತ್ತೆಷ್ಟು, ಚುಕ್ಕಿಯ ಅಗಲವೆಷ್ಟು ಎಂಬ ಮೂರೂ ವೈದ್ಯರ ಕೈಯಲ್ಲಿರುತ್ತವೆ, ಮೇಲಾಗಿ ಪ್ರಾಣಿಗೆ ಎಚ್ಚರವಿರುವುದಿಲ್ಲ. ಬರೆ ಹಾಕುವ ಪದ್ಧತಿ ನಮ್ಮ ಕಡೆ ಇನ್ನೂ ಪೂರ್ತಿ ಬಿಟ್ಟುಹೋಗಿಲ್ಲ. ಪ್ರಾಣಿಗಳಿಗೆ ಅನಾವಶ್ಯಕ ನೋವು ಕೊಡುವುದು ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಲೇಸರ್ ಹುಟ್ಟಿದ ೧೯೬೦ರಲ್ಲೇ ಆ ಕಾಯಿದೆಯೂ ಬಂತು ಎಂಬುದು ಆಕಸ್ಮಿಕ.

ಲೇಸರಿನಿಂದ ಆಗುವ ಅನುಕೂಲ ಏನೆಂದರೆ, ಕೊಯ್ಯುತ್ತಾ ಹೋದ ಹಾಗೆ ಅರ್ಧ ಮಿಲಿಮೀಟರಿನಷ್ಟು ಸಣ್ಣ ರಕ್ತನಾಳಗಳ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ರಕ್ತ ಹೆಚ್ಚು ಒಸರದಿದ್ದರೆ ವೈದ್ಯರಿಗೆ ಜಾಗ ಸ್ಪಷ್ಟವಾಗಿ ಕಾಣುತ್ತದೆ. ಕತ್ತಿ ಮಾಂಸವನ್ನು ಎಳೆಯುತ್ತದೆ, ಬೆಳಕು ಎಳೆಯುವುದಿಲ್ಲ. ಆದುದರಿಂದ ಊತ ಕಡಿಮೆ. ನೋವೂ ಕಡಿಮೆಯೆಂದು ಬಳಸುವ ವೈದ್ಯರು ಹೇಳುತ್ತಾರೆ. ಇದರ ಬೆಲೆ ತಿಳಿಯುವುದು ರಕ್ತ ಹೆಚ್ಚು ಹರಿಯುವ, ಇಕ್ಕಟ್ಟಾದ ಜಾಗಗಳಲ್ಲಿ. ನಾಲಗೆ, ವಸಡು, ಗಂಟಲು, ಕಣ್ಣಿನ ರೆಪ್ಪೆಯ ಅಂಚು, ಕಿವಿಯ ಒಳಭಾಗ, ಗುದದ್ವಾರದ ಸುತ್ತ, ಇಂಥ ಕಡೆ. ಪಟ್ಟಣದಲ್ಲಿ ಸಾಕುವ ಪಗ್ ಮೊದಲಾದ ಚಪ್ಪಟೆ ಮೂಗಿನ ನಾಯಿಗಳನ್ನು ನೋಡಿದ್ದೀರಲ್ಲ, ಉಸಿರಾಡಲಾರದೆ ಗೊರಗೊರ ಎನ್ನುತ್ತಿರುತ್ತವೆ. ಅವುಗಳ ಗಂಟಲಿನೊಳಗೆ ಜೋತು ಬಿದ್ದ ಅಂಗುಳಿನ ತುದಿಯನ್ನು ಚಿಕ್ಕದು ಮಾಡಲು ಈ ಬೆಳಕು ಒಳ್ಳೆಯದೆನಿಸಿದೆ. ನಮ್ಮ ಸೀಮೆಯ ಉದ್ದ ಮೂತಿಯ ನಾಯಿಗಳಿಗೆ ಆ ತಾಪತ್ರಯವೇ ಇಲ್ಲ, ಅಷ್ಟರಮಟ್ಟಿಗೆ ನಾವು ಪುಣ್ಯವಂತರು.

ಲೇಸರಿನಲ್ಲಿ ಬೇರೆ ಜಾತಿಗಳೂ ಉಂಟು. ಡಯೋಡ್ ಲೇಸರ್ ಎಂಬುದರ ಬೆಳಕನ್ನು ಕೂದಲಿನಂಥ ಗಾಜಿನ ಎಳೆಯ ಮೂಲಕ ದೇಹದೊಳಕ್ಕೆ ಕಳಿಸಬಹುದು. ಕಣ್ಣಿನೊಳಗೆ ಒತ್ತಡ ಏರಿ ದೃಷ್ಟಿ ಹೋಗುವ ರೋಗದಲ್ಲಿ ಇದನ್ನು ಉಪಯೋಗಿಸುತ್ತಾರೆ. ಹೋಲ್ಮಿಯಂ ಎಂಬ ಇನ್ನೊಂದು ಲೇಸರಿನಿಂದ ನಾಯಿಯ ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲನ್ನು ಹೊಟ್ಟೆ ಕೊಯ್ಯದೆ ಪುಡಿ ಮಾಡುತ್ತಾರೆ. ಪರದೇಶಗಳಲ್ಲಿ ಕುದುರೆಯನ್ನು ಕೆಡವದೆ, ನಿಂತ ಹಾಗೆಯೇ ಮೂಗಿನ ಮೂಲಕ ಎಳೆ ತೂರಿಸಿ ಗಂಟಲಿನ ಶಸ್ತ್ರಚಿಕಿತ್ಸೆ ಮಾಡುವುದೂ ಇದೆ. ಇವೆಲ್ಲ ದೊಡ್ಡ ಯಂತ್ರ, ದೊಡ್ಡ ಖರ್ಚಿನ ಕೆಲಸಗಳು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಹಳ್ಳಿಯ ನಾಯಿಗಳಿಗೆ ಸಾಮಾನ್ಯವಾಗಿ ಬರುವ ಕಾಯಿಲೆಗಳಲ್ಲಿ ಲೇಸರಿನಿಂದಲೇ ಆಗಬೇಕಾದುದು ಎಷ್ಟು ಎಂದು ಕೇಳಿದರೆ, ಬಹಳ ಸ್ವಲ್ಪ.

ಉದಾಹರಣೆಗೆ, ಹೆಣ್ಣುನಾಯಿಯ ಮೂತ್ರದ್ವಾರದಿಂದ ತೊಟ್ಟು ತೊಟ್ಟಾಗಿ ರಕ್ತ ಬೀಳುತ್ತಿರುತ್ತದೆ. ಮನೆಯವರು ಬೆದೆಗೆ ಬಂದಿದೆ ಎಂದು ಸುಮ್ಮನಾಗುತ್ತಾರೆ. ಬೆದೆಯ ರಕ್ತ ಸಾಮಾನ್ಯವಾಗಿ ಮೂರು ವಾರದೊಳಗೆ ನಿಲ್ಲುತ್ತದೆ, ವರ್ಷಕ್ಕೆ ಒಂದೆರಡು ಸಲ ಮಾತ್ರ ಬರುತ್ತದೆ. ತಿಂಗಳಾದರೂ ನಿಲ್ಲದೆ, ಒಳಗಿನಿಂದ ಹೂಕೋಸಿನಂಥ ಕೆಂಪು ಮಾಂಸ ಇಣುಕಿದರೆ ಅದು ಬೆದೆಯಲ್ಲ, ಕೂಡುವಾಗ ನಾಯಿಯಿಂದ ನಾಯಿಗೆ ಹತ್ತುವ ಒಂದು ಬಗೆಯ ಗಡ್ಡೆ. ಗಂಡುನಾಯಿಗೂ ಬರುತ್ತದೆ. ಒಮ್ಮೊಮ್ಮೆ ನೆಕ್ಕುವುದರಿಂದ, ಮೂಸುವುದರಿಂದ ಮೂಗು ಬಾಯಿಗೂ ಹತ್ತುತ್ತದೆ. ನೋಡಲು ಭಯಂಕರ, ಮನೆಯವರು ಇನ್ನು ಇದರ ಕಥೆ ಮುಗಿಯಿತೆಂದು ಊರಾಚೆ ಬಿಟ್ಟುಬರುವುದುಂಟು. ಬಿಟ್ಟ ನಾಯಿ ಮತ್ತಷ್ಟು ನಾಯಿಗಳಿಗೆ ಹತ್ತಿಸುತ್ತದೆ. ಸ್ವಾಮೀ, ಈ ಗಡ್ಡೆಗೆ ಲೇಸರೂ ಬೇಡ, ಕತ್ತಿಯೂ ಬೇಡ. ವಿನ್‌ಕ್ರಿಸ್ಟಿನ್ ಎಂಬ ಔಷಧಿಯನ್ನು ವಾರಕ್ಕೊಮ್ಮೆ ರಕ್ತನಾಳಕ್ಕೆ ಚುಚ್ಚುತ್ತಾರೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಗಡ್ಡೆ ಕರಗಿ ಹೋಗುತ್ತದೆ, ಬಹುಪಾಲು ನಾಯಿಗಳು ಪೂರ್ತಿ ಗುಣ ಹೊಂದುತ್ತವೆ. ನಿಜವಾಗಿ "ಕರಗೋಗುವ" ಗಂಟು ಇದ್ದರೆ ಅದು ಇದು. ಆದರೆ ಎರಡು ಸೂಜಿಗೆ ಗಡ್ಡೆ ಸಣ್ಣದಾಯಿತೆಂದು ನಿಲ್ಲಿಸಬಾರದು. ಈ ಮದ್ದು ನಾಳದ ಹೊರಗೆ ಚೆಲ್ಲಿದರೆ ಮಾಂಸವೇ ಕೊಳೆಯುತ್ತದೆ, ಆದುದರಿಂದ ಕೈಪಳಗಿದ ಯಾರೋ ಒಬ್ಬರಿಂದ ಮನೆಯಲ್ಲಿ ಹಾಕಿಸುವ ಸಾಹಸವನ್ನು ಮಾಡಬೇಡಿ. ಮದ್ದು ನಡೆಯುತ್ತಿರುವಾಗ ನಾಯಿಯ ಮೂತ್ರ, ಮಲ ಎತ್ತುವವರು ಕೈಗವಸು ಹಾಕಿಕೊಳ್ಳಬೇಕು. ಬಸುರಿ ಹೆಂಗಸರು ಆ ಕೆಲಸದಿಂದ ದೂರವಿರಲಿ.

ಮರಿನಾಯಿಯ ತುಟಿ, ಬಾಯಿಯಲ್ಲಿ ಗೊಂಚಲು ಗೊಂಚಲಾಗಿ ಏಳುವ ನರುಲಿಗಳೂ ಹೀಗೆಯೇ ಗಾಬರಿ ಹುಟ್ಟಿಸುತ್ತವೆ. ಬಹುಮಟ್ಟಿಗೆ ಅವು ಒಂದರಿಂದ ಮೂರು ತಿಂಗಳಲ್ಲಿ ತಾವೇ ಉದುರಿ ಹೋಗುತ್ತವೆ. ತಿನ್ನಲು, ನುಂಗಲು ಅಡ್ಡಿಯಾಗುವಷ್ಟು ಬೆಳೆದಾಗ ಮಾತ್ರ ತೆಗೆಸಬೇಕು. ಲೇಸರ್ ಇದ್ದರೆ ಅನುಕೂಲ, ಇಲ್ಲದಿದ್ದರೆ ಕತ್ತಿಯೇ ಸಾಕು. ಎಕ್ಕದ ಹಾಲು, ಸುಣ್ಣ, ಗೇರೆಣ್ಣೆ, ಬ್ಯಾಟರಿ ಆಸಿಡ್ ಇವುಗಳನ್ನು ಹಚ್ಚುವುದು ಮಾತ್ರ ಬೇಡವೇ ಬೇಡ. ನಾಯಿ ನೆಕ್ಕದೆ ಬಿಡುವುದಿಲ್ಲ, ನಾಲಗೆ ಗಂಟಲೆಲ್ಲ ಬೆಂದುಹೋಗುತ್ತದೆ.

ಕೋಟೆ ಕಡೆ ಕಾಡುಹಂದಿಯ ಕೋರೆಯಿಂದ ತಿವಿಸಿಕೊಂಡು ಬರುವ ನಾಯಿಗಳ ಗಾಯಕ್ಕೂ ಲೇಸರಿಗೂ ಸಂಬಂಧವಿಲ್ಲ. ಹೊರಗೆ ಬೆರಳಿನಷ್ಟು ತೂತು, ಒಳಗೆ ಕೈ ಹೋಗುವಷ್ಟು ಪೊಟರೆ. ಅದನ್ನು ತೆರೆದು, ತೊಳೆದು, ಕೀವು ಹೊರಬರಲು ದಾರಿ ಮಾಡಬೇಕು. ಹುಚ್ಚುನಾಯಿ ರೋಗದ ಲಸಿಕೆಯ ವಿಚಾರವನ್ನೂ ಅಂದೇ ವೈದ್ಯರನ್ನು ಕೇಳಬೇಕು.

ಇನ್ನು ಮೊದಲು ಹೇಳಿದ ಮೊಲೆಯ ಗಂಟು. ಹೆಚ್ಚು ಜನ ಕೇಳುವುದು ಇದನ್ನೇ, ಹೆಚ್ಚು ನಾಯಿಗಳು ಸಾಯುವುದೂ ಇದರ ಉದಾಸೀನದಿಂದಲೇ ಎಂದು ನನಗೆ ತೋರುತ್ತದೆ. ಹೆಣ್ಣುನಾಯಿಗೆ ಸಾಮಾನ್ಯವಾಗಿ ಐದು ಜೊತೆ ಮೊಲೆಗಳಿರುತ್ತವೆ. ವಯಸ್ಸಾದ, ಸಂತಾನಹರಣ ಮಾಡಿಸದ ನಾಯಿಗಳಲ್ಲಿ ಅಲ್ಲಿ ಗಂಟಾಗುವುದು ಅಧಿಕ. ಇಂಥ ಗಂಟುಗಳಲ್ಲಿ ಸುಮಾರು ಅರ್ಧದಷ್ಟು ಸಾಧುವಾದವು, ಉಳಿದರ್ಧ ಕ್ಯಾನ್ಸರಿನವು. ಕೈಯಿಂದ ಮುಟ್ಟಿ ನೋಡಿ ಇದು ಸಾಧು, ಇದು ಕ್ಯಾನ್ಸರು ಎಂದು ಯಾರೂ ಹೇಳಲಾರರು. ಅವರೆಕಾಳಿನಷ್ಟಿದ್ದಾಗ ತೆಗೆದರೆ ಸಣ್ಣ ಕೆಲಸ, ನಾಯಿ ಸಂಜೆಯ ಹೊತ್ತಿಗೆ ಎದ್ದು ಓಡಾಡೀತು. ನಿಂಬೆಹಣ್ಣಿನಷ್ಟಾದಾಗ ಅಪಾಯ ಹೆಚ್ಚು. ತೆಂಗಿನಕಾಯಿಯಷ್ಟಾಗಿ, ನೆಲಕ್ಕೆ ಉಜ್ಜಿ ಹುಣ್ಣಾಗಿ, ವಾಸನೆ ಬರುವ ಹೊತ್ತಿಗೆ ಬೀಜ ಶ್ವಾಸಕೋಶಕ್ಕೆ ಬಿದ್ದಾಗಿರಬಹುದು. ಆಮೇಲೆ ಬೆಂಗಳೂರಿನ ಲೇಸರೂ ಅಷ್ಟೆ, ಅಮೆರಿಕದ ಲೇಸರೂ ಅಷ್ಟೆ. ಬೆಳಕು ತಾನು ಬಿದ್ದ ಜಾಗವನ್ನು ಕೊಯ್ಯಬಲ್ಲದೇ ಹೊರತು ಹರಡಿದ್ದನ್ನು ಹುಡುಕಿಕೊಂಡು ಹೋಗಲಾರದು.

ಹೀಗಿರುವಾಗ ಲೇಸರ್ ಬರಲಿ ಎಂದು ಆರು ತಿಂಗಳು ಕಾಯುವುದು ಎಂಥ ಲೆಕ್ಕ? ಮೊಲೆಯ ಗಂಟನ್ನು ಸುತ್ತಲಿನ ಒಳ್ಳೆಯ ಮಾಂಸದ ಸಮೇತ ಅಗಲವಾಗಿ ಕೊಯ್ದು ತೆಗೆಯಬೇಕಾಗುತ್ತದೆ. ಅಲ್ಲಿರುವ ದೊಡ್ಡ ರಕ್ತನಾಳಗಳನ್ನು ಹೇಗೂ ದಾರದಿಂದ ಕಟ್ಟಲೇಬೇಕು. ಈ ಕೆಲಸವನ್ನು ಸಾಮಾನ್ಯ ಕತ್ತಿಯಿಂದ ಚೆನ್ನಾಗಿ ಮಾಡಬಲ್ಲ ವೈದ್ಯರು ಸಿಕ್ಕರೆ ಮಾಡಿಸಿಬಿಡಿ. ಇವತ್ತಿನ ಕತ್ತಿ ನಾಳಿನ ಲೇಸರಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಸಂತಾನಹರಣ ಶಸ್ತ್ರಚಿಕಿತ್ಸೆಗೂ ಇದೇ ಮಾತು. ಮೊದಲ ಬೆದೆಗೆ ಮುಂಚೆ ಅದನ್ನು ಮಾಡಿಸಿದ ನಾಯಿಗೆ ಮೊಲೆಯ ಗಂಟು ಬರುವುದು ತೀರಾ ಅಪರೂಪ. ಅದಕ್ಕೂ ಲೇಸರೇ ಬೇಕೆಂದು ದೂರ ಹೋಗುವುದು ದುಡ್ಡಿಗೆ ಕೇಡು. ಚರ್ಮವನ್ನು ಲೇಸರಿನಿಂದ ಕೊಯ್ದರೆ ಅಂಚು ಕೊಂಚ ಬೆಂದಿರುವುದರಿಂದ, ಮೊದಮೊದಲು ಗಾಯ ಕೂಡಿಕೊಳ್ಳುವುದು ಕತ್ತಿಯ ಗಾಯಕ್ಕಿಂತ ನಿಧಾನವಾಗುವುದೂ ಉಂಟು.

ನಾಯಿಯ ಮಾತಿನ ನಡುವೆ ಹಸುವಿನ ಒಂದು ಮಾತು. ಮಿಶ್ರತಳಿಯ ಕಪ್ಪು ಬಿಳುಪು ಹಸುಗಳಲ್ಲಿ ಕಣ್ಣಿನ ಸುತ್ತ ಬಿಳಿ ಚರ್ಮವಿದ್ದರೆ ಬಿಸಿಲಿನ ಹೊಡೆತ ಅಲ್ಲಿಗೆ ಜಾಸ್ತಿ. ಕಣ್ಣಿನ ಮೂಲೆಯ ಮೂರನೆಯ ರೆಪ್ಪೆಯಲ್ಲಿ ಅಕ್ಕಿಕಾಳಿನಷ್ಟು ಗುಲಾಬಿ ಬಣ್ಣದ ಗುಳ್ಳೆ ಎದ್ದು, ನೀರು ಸುರಿಯತೊಡಗಿದರೆ ಕಸ ಬಿದ್ದಿದೆ ಎಂದು ಕೂರಬೇಡಿ. ಹಲವೊಮ್ಮೆ ಅದು ಕ್ಯಾನ್ಸರಿನ ಮೊಳಕೆ. ಆಗಲೇ ತೋರಿಸಿದರೆ ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು ರೆಪ್ಪೆಯನ್ನಷ್ಟೇ ತೆಗೆಯುತ್ತಾರೆ, ಕಣ್ಣು ಉಳಿಯುತ್ತದೆ. ತಡವಾದರೆ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಗುತ್ತದೆ. ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು, ಸುಳಿ, ಗೊರಸು ನೋಡುವಷ್ಟೇ ಆಸಕ್ತಿಯಿಂದ ಕಣ್ಣಿನ ಮೂಲೆಯನ್ನೂ ಕೊಂಬಿನ ಬುಡವನ್ನೂ ನೋಡುವುದು ಒಳ್ಳೆಯದು. ಒಂದು ಕೊಂಬು ವಾಲಿ, ತಲೆ ಒದರುತ್ತಾ, ಮೂಗಿನ ಒಂದೇ ಹೊಳ್ಳೆಯಲ್ಲಿ ರಕ್ತ ಬರುವ ಎತ್ತಿಗೆ ಕೊಂಬಿನ ಕ್ಯಾನ್ಸರ್ ಇರಬಹುದು. ಅದಕ್ಕೂ ಮದ್ದು ಬುಡಸಮೇತ ಕೊಂಬು ತೆಗೆಸುವುದೇ.

ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಪಟ್ಟಣಗಳಲ್ಲಿ "ಲೇಸರ್ ಚಿಕಿತ್ಸೆ" ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಒಂದು, ಈವರೆಗೆ ಹೇಳಿದ ಕೊಯ್ಯುವ ಲೇಸರ್. ಇನ್ನೊಂದು, ಕೊಯ್ಯದೆ ಬರೀ ಹಿತವಾದ ಬೆಳಕನ್ನು ಕೀಲು, ಬೆನ್ನು, ಗಾಯದ ಮೇಲೆ ಕೆಲವು ನಿಮಿಷ ಬಿಡುವಂಥದು. ಕೀಲುನೋವಿನ ಮುದಿನಾಯಿಗೆ, ಬೇಗ ಮಾಯದ ಗಾಯಕ್ಕೆ ಇದನ್ನು ಹಲವು ಸಲ ಕೊಡಿಸುತ್ತಾರೆ. ಕೆಲವಕ್ಕೆ ಆರಾಮ ಸಿಕ್ಕಿದೆ, ಕೆಲವಕ್ಕೆ ಏನೂ ವ್ಯತ್ಯಾಸ ಕಂಡಿಲ್ಲ. ಪರೀಕ್ಷೆ ಮಾಡಿ ನೋಡಿದವರಲ್ಲೂ ಒಮ್ಮತವಿಲ್ಲ. ಇದರಿಂದ ಗಂಟು ಕರಗುವುದಿಲ್ಲ. ಕ್ಯಾನ್ಸರ್ ಗಂಟಿನ ಮೇಲೆ ಈ ಬೆಳಕನ್ನು ಬಿಡಲೇಬಾರದು, ಗಂಟು ಇನ್ನೂ ಚಿಗುರೀತೆಂಬ ಶಂಕೆ ವೈದ್ಯರಿಗೆ ಉಂಟು. ಆದುದರಿಂದ ಯಾರಾದರೂ ಲೇಸರ್ ಮಾಡಿಸಿ ಎಂದರೆ "ಕುಯ್ಯೋದೋ, ಕಾಯ್ಸೋದೋ?" ಎಂದು ನೇರವಾಗಿ ಕೇಳಿಬಿಡಿ. ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ಕೊಯ್ಯುವ ಲೇಸರನ್ನೇ ಮಾಡಿಸುವ ಸಂದರ್ಭ ಬಂತೆನ್ನಿ. ಬೆಳಕಿನ ಕೆಲಸವೆಂದು ಅರಿವಳಿಕೆ ತಪ್ಪುವುದಿಲ್ಲ. ನಾಯಿ ಅಲುಗಾಡಿದರೆ ಬೆಳಕು ಬೇರೆ ಕಡೆ ಬೀಳುತ್ತದೆ, ಆದುದರಿಂದ ಸಾಮಾನ್ಯವಾಗಿ ಪೂರ್ತಿ ಎಚ್ಚರ ತಪ್ಪಿಸುತ್ತಾರೆ. ಅರಿವಳಿಕೆಯ ಅಪಾಯ ಕತ್ತಿಗೆ ಎಷ್ಟೋ ಲೇಸರಿಗೂ ಅಷ್ಟೇ. ನಮ್ಮ ಕಡೆಯ ನಾಯಿಗಳಿಗೆ ಉಣ್ಣೆಯ ಕಾಟ ವಿಪರೀತ. ಉಣ್ಣೆ ಕಚ್ಚುವುದರಿಂದ ಬರುವ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗಿರುತ್ತವೆ. ಹೊರಗೆ ನೋಡಲು ನಾಯಿ ಗಟ್ಟಿಯಾಗಿಯೇ ಇರುತ್ತದೆ, ಕೊಯ್ದ ಮೇಲೆ ರಕ್ತ ನಿಲ್ಲುವುದಿಲ್ಲ. ಲೇಸರ್ ಸಣ್ಣ ನಾಳಗಳನ್ನು ಮಾತ್ರ ಮುಚ್ಚಬಲ್ಲದು, ದೊಡ್ಡದನ್ನಲ್ಲ. ಮೊದಲು ರಕ್ತಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳಿದರೆ ದುಡ್ಡು ಕೀಳಲು ಹೇಳುತ್ತಿದ್ದಾರೆ ಎಂದು ತಿಳಿಯಬಾರದು.

ಲೇಸರ್ ನಡೆಯುವ ಕೋಣೆಯಲ್ಲಿ ಎಲ್ಲರೂ ಅದಕ್ಕೆಂದೇ ಮಾಡಿದ ಕನ್ನಡಕ ಹಾಕಿರಬೇಕು. ಎಲ್ಲೋ ಪ್ರತಿಫಲಿಸಿದ ಕಿರಣವೂ ಕಣ್ಣು ಕೆಡಿಸೀತು. ಮಾಂಸ ಸುಟ್ಟ ಹೊಗೆಯನ್ನು ಹೀರಿಕೊಳ್ಳಲು ಯಂತ್ರವಿರುತ್ತದೆ, ಆ ಹೊಗೆಯಲ್ಲಿ ರೋಗಾಣುಗಳೂ ಇರಬಹುದಾದ್ದರಿಂದ ಮೂಗು ಬಾಯಿಗೆ ಕಟ್ಟಿಕೊಳ್ಳುತ್ತಾರೆ. ಅರಿವಳಿಕೆಗೆ ಬಳಸುವ ಆಮ್ಲಜನಕದ ಕೊಳವೆಗೆ ಕಿರಣ ತಗುಲಿದರೆ ಬೆಂಕಿ ಹತ್ತುವ ಭಯವಿದೆ. "ನಾನೂ ಒಳಕ್ಕೆ ಬತ್ತೀನಿ, ನನ್ ನಾಯಿ ನನ್ನ್ ಬುಟ್ಟಿರಲ್ಲ" ಎಂದು ಹಟ ಹಿಡಿಯಬೇಡಿ.

ಮತ್ತೊಂದು ಮಾತನ್ನು ಜನ ಕೇಳುವುದೇ ಇಲ್ಲ. ತೆಗೆದ ಗಂಟು ಎಲ್ಲಿ ಹೋಯಿತು? ಅದನ್ನು ಎಸೆಯದೆ ಪ್ರಯೋಗಶಾಲೆಗೆ ಕಳಿಸಿ ಪರೀಕ್ಷಿಸಿದರೇ ಅದು ಸಾಧುವೋ ಕ್ಯಾನ್ಸರೋ, ಪೂರ್ತಿ ಬಂತೋ ಬೇರು ಉಳಿಯಿತೋ ಎಂಬುದು ಗೊತ್ತಾಗುವುದು. ಲೇಸರಿನಿಂದ ಗಂಟನ್ನು ಪೂರ್ತಿ ಆವಿ ಮಾಡಿಬಿಟ್ಟರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಕೊಯ್ದು ತೆಗೆದರೂ ಅಂಚು ಸುಟ್ಟಿರುವುದರಿಂದ ನೋಡುವವರಿಗೆ ಸ್ವಲ್ಪ ಕಷ್ಟ. ಅದಕ್ಕಾಗಿ ಸಂಶಯದ ಗಂಟಾದರೆ ಮೊದಲೇ ಒಂದು ಚೂರನ್ನು ತೆಗೆದಿಡುವಂತೆ ವಿನಂತಿ ಮಾಡಿಕೊಳ್ಳಿ.

ಎಲ್ಲಿಗೆ ಹೋಗಬೇಕು? ಮೊದಲು ತಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ನಾಲ್ಕರಲ್ಲೂ ಪಶುಪಾಲನಾ ಇಲಾಖೆಯ ಆಸ್ಪತ್ರೆಗಳಿವೆ. ನಡೆಯಲಾರದ ದನಕರುಗಳಿಗೆ ೧೯೬೨ ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ಸಹಾಯ ಕೇಳಬಹುದು. ತಾಲ್ಲೂಕಿನ ವೈದ್ಯರು ಬೇಕೆಂದರೆ ಮೈಸೂರಿಗೆ ಚೀಟಿ ಕೊಡುತ್ತಾರೆ. ಅದಕ್ಕೂ ಮೇಲೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಕೃಷ್ಣರಾಜನಗರದವರಿಗೆ ಹೊಳೆನರಸೀಪುರದ ಮೇಲೆ ನೇರ ದಾರಿ. ಬೆಂಗಳೂರಿನ ಹೆಬ್ಬಾಳದಲ್ಲಿ ೧೯೫೮ರಲ್ಲಿ ಆರಂಭವಾದ ಹಳೆಯ ಕಾಲೇಜೂ ಇದೆ. ಎರಡೂ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಸೇರಿದವು. ಶಸ್ತ್ರಚಿಕಿತ್ಸೆಯನ್ನೇ ವಿಶೇಷವಾಗಿ ಓದಿದ ಅಧ್ಯಾಪಕರು ಅಲ್ಲಿರುತ್ತಾರೆ. ಲೇಸರ್ ಯಂತ್ರಗಳು ಹೆಚ್ಚಾಗಿ ದೊಡ್ಡ ನಗರಗಳ ಖಾಸಗಿ ಆಸ್ಪತ್ರೆಗಳಲ್ಲಿ ಕಾಣಸಿಗುತ್ತವೆ. ಗಾಡಿ ಮಾಡಿಕೊಂಡು ಹೊರಡುವ ಮುನ್ನ ಫೋನ್ ಮಾಡಿ, ಕೊಯ್ಯುವ ಲೇಸರ್ ಇದೆಯೇ, ಇಂಥ ಗಂಟಿಗೆ ಅದನ್ನು ಬಳಸುತ್ತಾರೆಯೇ, ಕತ್ತಿಯಲ್ಲಾದರೆ ಎಷ್ಟು, ಲೇಸರಿನಲ್ಲಾದರೆ ಎಷ್ಟು ಎಂದು ಕೇಳಿಕೊಂಡು ಹೊರಡಿ. ಎರಡರಿಂದಲೂ ಫಲ ಒಂದೇ ಎಂದು ವೈದ್ಯರು ಹೇಳಿದರೆ, ಉಳಿದ ಹಣದಲ್ಲಿ ಮನೆಯ ಉಳಿದ ನಾಯಿಗಳಿಗೆ ಹುಚ್ಚಿನ ಲಸಿಕೆ ಹಾಕಿಸಿ, ಉಣ್ಣೆಗೆ ಮದ್ದು ಕೊಡಿಸಬಹುದು.

ಹೋಗುವ ದಿನದ ವಿಚಾರ ಸ್ವಲ್ಪ. ದೊಡ್ಡ ನಾಯಿಗೆ ಹಿಂದಿನ ರಾತ್ರಿಯ ಊಟವಾದ ಮೇಲೆ ಮುದ್ದೆಯನ್ನಾಗಲಿ ಹಾಲನ್ನಾಗಲಿ ಕೊಡಬೇಡಿ. ಹೊಟ್ಟೆ ತುಂಬಿದ್ದರೆ ಎಚ್ಚರವಿಲ್ಲದಾಗ ವಾಂತಿಯಾಗಿ ಶ್ವಾಸಕ್ಕೆ ಹೋಗುತ್ತದೆ. ಮಕ್ಕಳು ಕರುಣೆಯಿಂದ ಬಿಸ್ಕತ್ತು ಹಾಕುವುದುಂಟು, ಅವರಿಗೆ ಮೊದಲೇ ಹೇಳಿಡಿ. ಸಣ್ಣ ಮರಿಗಳನ್ನು ಅಷ್ಟು ಹೊತ್ತು ಉಪವಾಸ ಕೆಡವಬಾರದು, ಎಷ್ಟು ಹೊತ್ತೆಂದು ವೈದ್ಯರೇ ಹೇಳುತ್ತಾರೆ. ಹಗ್ಗ, ಬಾಯಿಕಟ್ಟು, ಹಳೆಯ ಕಂಬಳಿ, ಲಸಿಕೆಯ ಪುಸ್ತಕ ಜೊತೆಯಲ್ಲಿರಲಿ. ಗಂಟು ಯಾವಾಗ ಕಂಡಿತು, ಆಗ ಎಷ್ಟಿತ್ತು, ಈಗ ಎಷ್ಟಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೆ ಬಹಳ ಉಪಕಾರ. ಮನೆಗೆ ಬಂದ ಮೇಲೆ ಗಾಯವನ್ನು ನೆಕ್ಕದಂತೆ ಕೊರಳಿಗೆ ಕೊಳವೆಯಂಥ ಪಟ್ಟಿ ಹಾಕುತ್ತಾರೆ. ಪೇಟೆಯದು ಸಿಗದಿದ್ದರೆ ಸಣ್ಣ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿ ಹಾಕಿದರೂ ಆಗುತ್ತದೆ. ಲೇಸರಿನ ಗಾಯಕ್ಕೆ ಹೊಲಿಗೆ ಹಾಕಿದ್ದರೆ ಅದನ್ನು ಬಿಚ್ಚಲು ಒಂದೆರಡು ದಿನ ಹೆಚ್ಚು ಹಿಡಿಯಬಹುದು, ನೀವಾಗಿ ಬಿಚ್ಚಬೇಡಿ. ಅರಿಸಿನ, ಬೂದಿ, ಸೀಮೆಎಣ್ಣೆ ಹಚ್ಚಬೇಡಿ. ನೊಣ ಕೂರದ ಕಡೆ, ಒಣಗಿದ ಗೋಣಿಯ ಮೇಲೆ ಕಟ್ಟಿ. ಗಾಯ ಊದಿದರೆ, ವಾಸನೆ ಬಂದರೆ, ಎರಡು ಹೊತ್ತು ಅನ್ನ ಬಿಟ್ಟರೆ ಮರುದಿನಕ್ಕೆ ಕಾಯದೆ ತೋರಿಸಿ.

ಇವತ್ತು ಸಂಜೆ ನಾಯಿಗೆ ಅನ್ನ ಹಾಕುವಾಗ ಎರಡು ನಿಮಿಷ ಅದನ್ನು ಮಗ್ಗುಲಾಗಿ ಮಲಗಿಸಿ, ಹತ್ತು ಮೊಲೆಗಳ ಸುತ್ತ, ಕಿವಿಯೊಳಗೆ, ಬಾಲದ ಕೆಳಗೆ, ತುಟಿ ಎತ್ತಿ ವಸಡಿನ ಮೇಲೆ ಕೈಯಾಡಿಸಿ ನೋಡಿ. ತಿಂಗಳಿಗೊಂದು ಸಲ, ಅಮಾವಾಸ್ಯೆಯಂದೋ ಹುಣ್ಣಿಮೆಯಂದೋ ಎಂದು ಲೆಕ್ಕ ಇಟ್ಟುಕೊಂಡರೆ ಮರೆಯುವುದಿಲ್ಲ. ಅವರೆಕಾಳಿನಷ್ಟು ಸಿಕ್ಕಿದರೂ ಸರಿ, ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ.